ಅಭೇದ್ಯ ಎಂದರೇನು?

2024ರ ಜುಲೈ ತಿಂಗಳು. ನಾನು ಪ್ರಥಮ ಪಿಯುಸಿಗೆ ಸೇರಿ ಒಂದೂವರೆ ತಿಂಗಳಾಗಿತ್ತು. ಕನ್ನಡದ ಕಿರುಪರೀಕ್ಷೆಯಲ್ಲಿ ಐದು ಪದಗಳನ್ನು ಕೊಟ್ಟು ಸ್ವಂತ ವಾಕ್ಯದಲ್ಲಿ ಬಳಸಿರಿ ಎಂದಿದ್ದರು. ಅವುಗಳಲ್ಲಿ ಒಂದು ‘ಅಭೇದ್ಯ’. ಹೆಚ್ಚು ಯೋಚಿಸದೆ ಬರೆದೆ: ‘ನಮ್ಮ ತುಂಗಭದ್ರಾ ಅಣೆಕಟ್ಟು ಅಭೇದ್ಯವಾದುದು.’ ಪೂರ್ತಿ ಅಂಕ ಬಂತು.

ಆಗಸ್ಟ್ 10ರ ರಾತ್ರಿ ಅದೇ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ, ಗೇಟು ನೀರಿನಲ್ಲಿ ಕೊಚ್ಚಿಹೋಯಿತು. ಅದು ಶನಿವಾರ. ಸೋಮವಾರ ಕ್ಲಾಸಿಗೆ ಬಂದ ಕನ್ನಡ ಸರ್ ಹಾಜರಿ ಹಾಕಿದ ಮೇಲೆ ನನ್ನ ಕಡೆ ನೋಡಿ, ‘ಏನಮ್ಮಾ, ನಿನ್ನ ವಾಕ್ಯದ ವ್ಯಾಕರಣ ಇವತ್ತಿಗೂ ಸರಿ ಐತಿ. ಮಾತು ಸರಿ ಐತೇನು?’ ಎಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅದಕ್ಕೆ ಕಾರಣ ಸಿರಿಗೇರಿಯಲ್ಲಿ ನಮ್ಮ ಚಾಚಾ ನಾಟಿ ಮಾಡಿಸಿದ್ದ ನಾಲ್ಕು ಎಕರೆ ಭತ್ತ. ಅದರ ಸಂಗತಿ ಆಮೇಲೆ ಹೇಳುತ್ತೇನೆ. ಮೊದಲು ಪದ.

‘ಅಭೇದ್ಯ’ದಲ್ಲಿರುವುದು ‘ಭಿದ್’ ಎಂಬ ಸಂಸ್ಕೃತ ಧಾತು. ಒಡೆ, ಸೀಳು, ತೂರು ಎಂದು ಅದರ ಅರ್ಥ. ಅದರಿಂದಲೇ ಭೇದ ಬಂತು, ಭೇದಿಸು ಬಂತು. ಕಳ್ಳತನದ ಪ್ರಕರಣವನ್ನು ಪೊಲೀಸರು ‘ಭೇದಿಸಿದರು’ ಎಂದು ಪೇಪರಿನಲ್ಲಿ ಬರುತ್ತದಲ್ಲ, ಅದೇ. (ಹೊಟ್ಟೆ ಕೆಟ್ಟಾಗ ಆಗುವ ಭೇದಿಯೂ ಇದೇ ಮನೆತನದ್ದು. ಇದನ್ನು ಬರೆಯಬೇಡ ಎಂದು ಗೆಳತಿ ಹೇಳಿದಳು, ಆದರೆ ಒಮ್ಮೆ ಓದಿದವರು ಧಾತುವನ್ನು ಮರೆಯುವುದಿಲ್ಲ.) ಭೇದಿಸಲು ಆಗುವಂಥದ್ದು ‘ಭೇದ್ಯ’, ಆಗದ್ದು ‘ಅಭೇದ್ಯ’. ಸಾಧ್ಯ ಅಸಾಧ್ಯ ಇದ್ದ ಹಾಗೆ. ಬರೆಯುವಾಗ ಬಹಳ ಜನ ‘ಅಬೇದ್ಯ’ ಎಂದು ಬರೆಯುತ್ತಾರೆ. ನಮ್ಮ ಉರ್ದು ಮಾತಿನ ಮನೆಯವರಿಗೆ ಇಲ್ಲಿ ಒಂದು ಅನುಕೂಲ ಉಂಟು: ‘ಭಾಯಿ’ ಎಂದು ಕರೆಯುವಾಗ ಬರುವ ‘ಭ’ವನ್ನು ನೆನೆಸಿಕೊಂಡರೆ ತಪ್ಪಾಗುವುದಿಲ್ಲ. ನಮ್ಮ ಕನ್ನಡದಲ್ಲಿ ಏನೇನೋ ತಪ್ಪು ಹುಡುಕುವವರು ಈ ಒಂದು ಅಕ್ಷರದಲ್ಲಿ ನಮ್ಮನ್ನು ಸೋಲಿಸಲಾರರು.

ಇದೇ ಅರ್ಥಕ್ಕೆ ಹತ್ತಿರದ ಪದಗಳು ಇನ್ನೂ ಇವೆ. ‘ಅವಧ್ಯ’ ಎಂದರೆ ಕೊಲ್ಲಲಾಗದವನು, ಇದನ್ನು ಮನುಷ್ಯರಿಗೆ, ದೈತ್ಯರಿಗೆ ಹೇಳುತ್ತಾರೆ. ‘ವಜ್ರಕಾಯ’ ಎಂದರೆ ವಜ್ರದಂಥ ಮೈಯುಳ್ಳವನು. ‘ಅಜೇಯ’ ಎಂದರೆ ಗೆಲ್ಲಲಾಗದವನು. ಕೋಟೆಗೆ, ಗೋಡೆಗೆ, ಕವಚಕ್ಕೆ, ಕಾವಲಿಗೆ ‘ಅಭೇದ್ಯ’ ಒಪ್ಪುತ್ತದೆ. ಉರ್ದುವಿನಲ್ಲಿ ಕೋಟೆಗೆ ‘ನಾಕಾಬಿಲೆ ತಸ್‌ಖೀರ್’ ಎನ್ನುತ್ತಾರೆ, ಅಂದರೆ ವಶಪಡಿಸಿಕೊಳ್ಳಲು ಆಗದ್ದು. ವಜ್ರಕಾಯನಿಗೆ ಫಾರ್ಸಿಯಿಂದ ಬಂದ ‘ರೂಈಂ ತನ್’ ಎಂಬ ಪದವಿದೆ, ಕಂಚಿನ ಮೈಯವನು. ಇವು ಪುಸ್ತಕದ ಪದಗಳು. ಮನೆಯಲ್ಲಿ ಯಾರೂ ಆಡುವುದಿಲ್ಲ.

ಮನೆಯಲ್ಲಿ ಆಡುವ ಮಾತು ಬೇರೆ. ಮೋಟರ್ ಸೈಕಲ್ಲಿನಿಂದ ಬಿದ್ದರೂ ಏನೂ ಆಗದೆ ಎದ್ದು ಬಂದವನನ್ನು ನೋಡಿ ಕನ್ನಡದವರು ‘ಒಂದು ಕೂದಲೂ ಕೊಂಕಿಲ್ಲ’ ಎನ್ನುತ್ತಾರೆ. ನಮ್ಮ ಅಮ್ಮಿ ‘ಬಾಲ್ ಭೀ ಬಾಂಕಾ ನೈ ಹುಆ’ ಎನ್ನುತ್ತಾಳೆ. ಬಾಲ್ ಎಂದರೆ ಕೂದಲು, ಬಾಂಕಾ ಎಂದರೆ ಕೊಂಕಿದ್ದು, ಸೊಟ್ಟಗಾದದ್ದು. ಎರಡೂ ಭಾಷೆಯವರು ಅದೇ ಕೂದಲನ್ನು ಹಿಡಿದು, ಅದೇ ರೀತಿ ಬಾಗಿಸಿ ನೋಡಿದ್ದಾರೆ. ಯಾರು ಯಾರಿಂದ ಕಲಿತರೋ, ಅಥವಾ ಇಬ್ಬರಿಗೂ ತಾನಾಗಿಯೇ ಹೊಳೆಯಿತೋ, ಇದು ನನಗೆ ಬಹಳ ಇಷ್ಟವಾದ ಸಂಗತಿ.

ಆದರೆ ಗಮನಿಸಿ. ಕೂದಲು ಕೊಂಕಲಿಲ್ಲ ಎಂದರೆ ಈ ಸಲ ಏನೂ ಆಗಲಿಲ್ಲ ಎಂದಷ್ಟೇ ಅರ್ಥ. ಏನೂ ಆಗಲಾರದು ಎಂದು ಅರ್ಥವಲ್ಲ. ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಈ ವ್ಯತ್ಯಾಸವನ್ನೇ.

ಸಂಸ್ಕೃತದಿಂದ ಬಂದ ಪದಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ‘ಅಜಿತ’ ಎಂದರೆ ಇದುವರೆಗೆ ಸೋಲದವನು, ‘ಅಜೇಯ’ ಎಂದರೆ ಸೋಲಿಸಲಾಗದವನು. ಮೊದಲನೆಯದು ನಡೆದದ್ದನ್ನು ಹೇಳುವ ಪದ, ವರದಿ ಇದ್ದಂತೆ. ಎರಡನೆಯದು ಮುಂದೆ ಆಗುವುದನ್ನೂ ಸೇರಿಸಿ ಹೇಳುವ ಪದ, ಗ್ಯಾರಂಟಿ ಇದ್ದಂತೆ. ನಮ್ಮ ಪೇಪರಿನವರು ಇವೆರಡನ್ನೂ ಕಲಸಿಬಿಟ್ಟಿದ್ದಾರೆ. ಕ್ರಿಕೆಟ್ ಸುದ್ದಿಯಲ್ಲಿ ಔಟಾಗದೆ ಉಳಿದ ಬ್ಯಾಟರ್ ‘ಅಜೇಯ 73 ರನ್’ ಗಳಿಸಿದ ಎಂದಿರುತ್ತದೆ. ಓವರ್ ಮುಗಿಯಿತು, ಆದ್ದರಿಂದ ಅವನು ಔಟಾಗಲಿಲ್ಲ, ಅಷ್ಟೇ. ಮರುದಿನ ಮೊದಲ ಬಾಲಿಗೇ ಅವನ ವಿಕೆಟ್ ಬೀಳಬಹುದು. ಆ ಅಜೇಯನಿಗೆ ಪೇಪರಿನವರು ಕೊಟ್ಟ ಗ್ಯಾರಂಟಿ ಒಂದೇ ರಾತ್ರಿಯದು.

ವರದಿಯ ಕಡೆಯ ಇನ್ನೊಂದು ಪದ ನಮ್ಮ ತಾಲೂಕಿನವರಿಗೆ ದಿನವೂ ಕಣ್ಣಿಗೆ ಬೀಳುವಂಥದ್ದು. ‘ಕ್ಷತ’ ಎಂದರೆ ಗಾಯ, ಪೆಟ್ಟು. ‘ಅಕ್ಷತ’ ಎಂದರೆ ಪೆಟ್ಟಾಗದ್ದು, ಮುಕ್ಕಾಗದ್ದು. ಹಿಂದೂ ಮದುವೆಗಳಲ್ಲಿ ಹಾಕುವ ಅಕ್ಷತೆ ಎಂದರೆ ಮುರಿಯದ ಇಡೀ ಅಕ್ಕಿ. ಸಿರುಗುಪ್ಪದ ಕಡೆ ರೈಸ್ ಮಿಲ್ಲಿಗೆ ಹೋದವರಿಗೆ ಗೊತ್ತು, ಭತ್ತವನ್ನು ಹಲ್ಲರಿಗೆ ಹಾಕಿ, ಪಾಲಿಶ್ ಮಾಡಿ, ಜರಡಿಯಲ್ಲಿ ಆಡಿಸಿ, ಕೊನೆಗೆ ಇಡೀ ಅಕ್ಕಿ ಒಂದು ಕಡೆ ಬೀಳುತ್ತದೆ, ನುಚ್ಚು ಇನ್ನೊಂದು ಕಡೆ ಬೀಳುತ್ತದೆ. ಒಂದೇ ಗದ್ದೆಯ ಭತ್ತ, ಒಂದೇ ಯಂತ್ರ. ಕೆಲವು ಕಾಳು ಮುರಿದವು, ಕೆಲವು ಉಳಿದವು. ಉಳಿದದ್ದಕ್ಕೆ ರೇಟು ಹೆಚ್ಚು. ಆ ಕಾಳನ್ನು ಅಕ್ಷತ ಎನ್ನಬಹುದು, ಆದರೆ ಅಭೇದ್ಯ ಎಂದು ಯಾರೂ ಅನ್ನುವುದಿಲ್ಲ. ಬಾಯಿಗೆ ಹಾಕಿಕೊಂಡು ಹಲ್ಲಿನಿಂದ ಒತ್ತಿದರೆ ಅದೂ ನುಚ್ಚು.

ನಾವು ಒಬ್ಬರಿಗೊಬ್ಬರು ಹಾರೈಸುವ ಮಾತುಗಳೂ ಈ ಕಡೆಯವೇ. ಸಲಾಂ ಮತ್ತು ಸಲಾಮತ್ ಅರಬ್ಬಿಯ ಒಂದೇ ಬೇರಿನಿಂದ ಬಂದವು; ಸುರಕ್ಷಿತವಾಗಿ, ಕುಂದಿಲ್ಲದೆ ಇರುವುದು ಎಂಬ ಅರ್ಥ ಆ ಬೇರಿನಲ್ಲಿದೆ. ‘ಖುದಾ ಹಾಫಿಜ್’ ಎಂಬುದರಲ್ಲಿ ಕಾಯುವವನ ಮಾತಿದೆ. ಹಳೆಯ ಕನ್ನಡ ಪತ್ರಗಳು ಇತ್ತ ನಾವು ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಶುರುವಾಗುತ್ತಿದ್ದವು. ಪತ್ರ ಬಂದರೆ ಆ ದಿನಕ್ಕೆ ಕ್ಷೇಮ. ಮುಂದಿನ ಪತ್ರದಲ್ಲಿ ಮತ್ತೆ ಕೇಳಬೇಕು. ‘ನೀನು ಅಭೇದ್ಯನಾಗು’ ಎಂದು ಹಾರೈಸಿ ಬಸ್ಸು ಹತ್ತಿಸಿದವರನ್ನು ನಾನು ಸಿರಿಗೇರಿ ಕ್ರಾಸಿನಲ್ಲಿ ಒಮ್ಮೆಯೂ ಕಂಡಿಲ್ಲ.

ಹಾಗಾದರೆ ಗ್ಯಾರಂಟಿಯ ಕಡೆಯ ಪದಗಳು ಎಲ್ಲಿ ಬರುತ್ತವೆ? ಕಥೆಗಳಲ್ಲಿ. ಮತ್ತು ಆ ಕಥೆಗಳಲ್ಲೆಲ್ಲ ಒಂದು ತೂತು ಇದ್ದೇ ಇರುತ್ತದೆ.

ನಮ್ಮ ಕಡೆ ಬಯಲಾಟ ನೋಡಿದವರಿಗೆ ದುರ್ಯೋಧನನ ಪರಿಚಯ ಮಾಡಿಕೊಡಬೇಕಿಲ್ಲ. ನಾನು ಚಿಕ್ಕವಳಿದ್ದಾಗ ಪಕ್ಕದ ಮನೆಯ ಅಜ್ಜಿಯ ಜತೆ ಹೋಗಿ, ಚಾಪೆಯ ಮೇಲೆ ಕುಳಿತು, ಅರ್ಧ ನಿದ್ದೆಯಲ್ಲಿ ನೋಡಿದ್ದೆ. ಗಾಂಧಾರಿ ಕಣ್ಣಿನ ಬಟ್ಟೆ ಬಿಚ್ಚಿ ಮಗನನ್ನು ಒಮ್ಮೆ ನೋಡುತ್ತಾಳೆ, ಅವಳ ನೋಟ ಬಿದ್ದ ಮೈಯೆಲ್ಲ ವಜ್ರವಾಗುತ್ತದೆ. ಆದರೆ ದುರ್ಯೋಧನ ನಾಚಿಕೆಯಿಂದ ತೊಡೆ ಮುಚ್ಚಿಕೊಂಡು ಬಂದಿದ್ದ, ಅದೊಂದು ಉಳಿಯಿತು. ಇದು ಜನರ ಬಾಯಲ್ಲಿ ಬೆಳೆದ ಕಥೆ. ವ್ಯಾಸಭಾರತದ ವನಪರ್ವದಲ್ಲಿ ಬೇರೆ ರೀತಿ ಇದೆ: ದುರ್ಯೋಧನನ ಮೈಯ ಮೇಲಿನ ಅರ್ಧ ವಜ್ರದಿಂದಲೂ ಕೆಳಗಿನ ಅರ್ಧ ಹೂವಿನಿಂದಲೂ ಆದದ್ದು ಎಂದು ದಾನವರು ಅವನಿಗೆ ಹೇಳುತ್ತಾರೆ. ಹೇಗಿದ್ದರೂ ಕೊನೆಗೆ ಭೀಮನ ಗದೆ ಬೀಳುವುದು ತೊಡೆಗೇ. ರನ್ನ ತನ್ನ ‘ಗದಾಯುದ್ಧ’ದಲ್ಲಿ ಸಾವಿರ ವರ್ಷದ ಹಿಂದೆ ಬರೆದದ್ದು ಇದೇ ಹೋರಾಟವನ್ನು.

ನಮ್ಮ ಉರ್ದು ಸರ್ ಹತ್ತಿರ ಈ ಕಥೆ ಹೇಳಿದಾಗ ಅವರು ಕೂಡಲೇ ‘ಇಸ್ಫಂದಿಯಾರ್’ ಎಂದರು. ಫಿರ್ದೌಸಿ 1010ರಲ್ಲಿ ಮುಗಿಸಿದ ‘ಶಾಹ್‌ನಾಮಾ’ದಲ್ಲಿ ಬರುವ ರಾಜಕುಮಾರ ಅವನು. ಅವನೇ ಆ ‘ರೂಈಂ ತನ್’. ರುಸ್ತುಮ್ ಬಿಟ್ಟ ಬಾಣವೊಂದೂ ಅವನ ಮೈಗೆ ನಾಟುವುದಿಲ್ಲ. ಕೊನೆಗೆ ಸೀಮುರ್ಗ್ ಎಂಬ ಹಕ್ಕಿ ಗುಟ್ಟು ಹೇಳಿಕೊಡುತ್ತದೆ, ರುಸ್ತುಮ್ ಗಜ್ ಎಂಬ ಮರದ ಕೊಂಬೆಯಿಂದ ಮಾಡಿದ ಬಾಣವನ್ನು ಅವನ ಕಣ್ಣಿಗೆ ಬಿಡುತ್ತಾನೆ. ಕಣ್ಣೇ ಯಾಕೆ ಎಂದರೆ, ಆ ಮಂತ್ರದ ನೀರಿನಲ್ಲಿ ಮೀಯುವಾಗ ಅವನು ಕಣ್ಣು ಮುಚ್ಚಿಕೊಂಡಿದ್ದನಂತೆ. ಗ್ರೀಕರ ಅಕಿಲೀಸನ ಕಥೆ ಇಂಗ್ಲಿಷ್ ಪಾಠದಿಂದ ಎಲ್ಲರಿಗೂ ಗೊತ್ತು. ತಾಯಿ ಮಗುವನ್ನು ಸ್ಟಿಕ್ಸ್ ನದಿಯಲ್ಲಿ ಅದ್ದುವಾಗ ಹಿಮ್ಮಡಿ ಹಿಡಿದುಕೊಂಡಿದ್ದಳು, ಅಲ್ಲಿಗೆ ನೀರು ತಾಗಲಿಲ್ಲ.

ಈ ಮೂರನ್ನೂ ಪಕ್ಕಪಕ್ಕ ಇಟ್ಟಾಗ ನನಗೆ ಕಂಡದ್ದು ಇಷ್ಟು. ತೂತು ಉಳಿದದ್ದು ಶತ್ರುವಿನಿಂದಲ್ಲ. ಕವಚ ಕೊಡುವ ಹೊತ್ತಿನಲ್ಲೇ ಉಳಿಯಿತು. ತಾಯಿಯ ಕೈ ಇದ್ದ ಜಾಗ, ಮಗನ ನಾಚಿಕೆಯ ಜಾಗ, ಮುಚ್ಚಿದ ಕಣ್ಣು. ಕವಚ ಚೆನ್ನಾಗಿಯೇ ಇತ್ತು, ಅದನ್ನು ತೊಡಿಸುವ ರೀತಿಯಲ್ಲೇ ಒಂದು ಜಾಗ ಬಿಟ್ಟುಹೋಯಿತು. ಆ ಜಾಗ ತೊಟ್ಟವನಿಗೆ ಕಾಣುವುದಿಲ್ಲ ಅಥವಾ ನೆನಪಿರುವುದಿಲ್ಲ.

ಇದು ಕಥೆಯಲ್ಲಿ ಮಾತ್ರ ಎಂದುಕೊಳ್ಳಬೇಡಿ. ಬಳ್ಳಾರಿಗೆ ಬಸ್ಸಿನಲ್ಲಿ ಹೋಗುವಾಗ ದೂರದಿಂದಲೇ ಬಂಡೆಗಳ ಎರಡು ಗುಡ್ಡ ಕಾಣುತ್ತವೆ. ಒಂದರ ಮೇಲೆ ಕೋಟೆ ಇದೆ. ಮೇಲಿನ ಕೋಟೆಯನ್ನು ಕಟ್ಟಿಸಿದವನು ವಿಜಯನಗರದ ಅರಸರ ಕೈಕೆಳಗಿದ್ದ ಹನುಮಪ್ಪ ನಾಯಕ. 18ನೇ ಶತಮಾನದ ಉತ್ತರಾರ್ಧದಲ್ಲಿ ಕೋಟೆ ಹೈದರ್ ಅಲಿಯ ವಶವಾಯಿತು. ಹೈದರ್ ಒಬ್ಬ ಫ್ರೆಂಚ್ ಇಂಜಿನಿಯರನಿಂದ ಅದನ್ನು ಬಲಪಡಿಸಿ, ಕೆಳಗಿನ ಕೋಟೆಯನ್ನೂ ಕಟ್ಟಿಸಿದ. ಊರಿನವರು ಹೇಳುವ ಕಥೆ ಇಲ್ಲಿಂದ ಮುಂದಿನದು. ಕೆಲಸ ಮುಗಿದ ಮೇಲೆ ನೋಡಿದರೆ ಎದುರಿಗಿದ್ದ ಕುಂಬಾರ ಗುಡ್ಡ ಕೋಟೆ ಗುಡ್ಡಕ್ಕಿಂತ ಎತ್ತರ. ಅದರ ಮೇಲೆ ಫಿರಂಗಿ ಏರಿಸಿದರೆ ಕೋಟೆಯ ಒಳಗೆಲ್ಲ ಗುಂಡು ಬೀಳುತ್ತದೆ. ಹೈದರ್ ಸಿಟ್ಟಾಗಿ ಆ ಇಂಜಿನಿಯರನನ್ನು ಕೋಟೆಯ ಬಾಗಿಲಲ್ಲೇ ಗಲ್ಲಿಗೇರಿಸಿದನಂತೆ. ಪೂರ್ವದ ಬಾಗಿಲ ಹತ್ತಿರ ಅವನ ಗೋರಿ ಇದೆ ಎಂದೂ ಹೇಳುತ್ತಾರೆ.

ಗಲ್ಲಿನ ಕಥೆ ನಿಜವೇ ಅಲ್ಲವೇ ಎನ್ನುವುದಕ್ಕಿಂತ ನನಗೆ ಹೆಚ್ಚು ಯೋಚನೆ ಹತ್ತಿಸಿದ್ದು ಆ ಕೋಟೆಗೆ ಆಮೇಲೆ ಆದದ್ದು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಳ್ಳಾರಿಯ ಕಡೆಯ ಸೀಮೆ ಟಿಪ್ಪು ಸುಲ್ತಾನನ ಕೈತಪ್ಪಿ ಹೈದರಾಬಾದಿನ ನಿಜಾಮನಿಗೆ ಹೋಯಿತು. 1800ರಲ್ಲಿ ನಿಜಾಮ ಅದನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಎರಡು ಸಲವೂ ಕೋಟೆ ಕೈ ಬದಲಾದದ್ದು ಕಾಗದದ ಮೇಲೆ. ಕುಂಬಾರ ಗುಡ್ಡಕ್ಕೆ ಫಿರಂಗಿ ಏರಿಸುವ ಕೆಲಸ ಆಗ ಯಾರಿಗೂ ಬೀಳಲಿಲ್ಲ. ಗೋಡೆ ಅಭೇದ್ಯವಾಗಿದ್ದರೂ ರುಜುವಿಗೆ ಅದು ಅಡ್ಡ ಬರುವುದಿಲ್ಲ. ಇದನ್ನು ಕಾಮರ್ಸ್ ಓದುವವರು ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೇನೆ.

ಚಿತ್ರದುರ್ಗದ ಏಳುಸುತ್ತಿನ ಕೋಟೆಯ ಕಿಂಡಿ ಮತ್ತು ಒನಕೆ ಓಬವ್ವನ ಸಂಗತಿಯನ್ನು ನಾನು ಬಿಡಿಸಿ ಬರೆಯುವುದಿಲ್ಲ, ಪ್ರಾಥಮಿಕ ಶಾಲೆಯಿಂದ ಓದುತ್ತ ಬಂದಿದ್ದೇವೆ. ಓಬವ್ವ ಕಿಂಡಿಯನ್ನು ಕಾದಳು, ಆದರೂ 1779ರಲ್ಲಿ ದುರ್ಗ ಹೈದರನ ಕೈ ಸೇರಿತು.

ಈಗ ಕೋಟೆಗಳಲ್ಲಿ ಯಾರೂ ಇಲ್ಲ, ಪದ ಮಾತ್ರ ರಾಜಕೀಯದ ಸುದ್ದಿಗೆ ಸಾಗಿದೆ. ಚುನಾವಣೆ ಬಂದರೆ ಇಂಥ ಕ್ಷೇತ್ರ ಇಂಥ ಪಕ್ಷದ ‘ಭದ್ರಕೋಟೆ’, ‘ಅಭೇದ್ಯ ಕೋಟೆ’ ಎಂದು ಬರೆಯುತ್ತಾರೆ. ನಮ್ಮ ಬಳ್ಳಾರಿ ಲೋಕಸಭಾ ಕ್ಷೇತ್ರವೇ ಉದಾಹರಣೆ. 1952ರಿಂದ ಇಲ್ಲಿ ಕಾಂಗ್ರೆಸ್ಸೇ ಗೆಲ್ಲುತ್ತಿತ್ತು. 1999ರಲ್ಲಿ ಸೋನಿಯಾ ಗಾಂಧಿ ಇಲ್ಲಿಂದ ಸುಷ್ಮಾ ಸ್ವರಾಜ್ ವಿರುದ್ಧ ನಿಂತು ಗೆದ್ದರು. 2004ರಲ್ಲಿ ಬಿಜೆಪಿ ಗೆದ್ದಿತು. ಕೆಲವು ವರ್ಷ ಅದೇ ಬಿಜೆಪಿಯ ಭದ್ರಕೋಟೆ ಎಂದಾಯಿತು. 2018ರ ಉಪಚುನಾವಣೆಯಲ್ಲಿ ಕಾಂಗ್ರೆಸ್, 2019ರಲ್ಲಿ ಬಿಜೆಪಿ, 2024ರಲ್ಲಿ ಮತ್ತೆ ಕಾಂಗ್ರೆಸ್. ನಾನು ಯಾವ ಪಕ್ಷದ ಪರವಾಗಿಯೂ ಹೇಳುತ್ತಿಲ್ಲ, ನನಗೆ ಇನ್ನೂ ಓಟೇ ಬಂದಿಲ್ಲ. ಮತದಾರರು ಮನಸ್ಸು ಬದಲಿಸಬಹುದಾದ ಜಾಗಕ್ಕೆ ಅಭೇದ್ಯ ಎಂಬ ಪದ ಹೊಂದುತ್ತದೆಯೇ ಎಂಬುದಷ್ಟೇ ನನ್ನ ಪ್ರಶ್ನೆ.

ಅಂಗಡಿಯ ಭಾಷೆಯಲ್ಲಿ ಇದೇ ಗೊಂದಲ ಇನ್ನೊಂದು ವೇಷದಲ್ಲಿದೆ. ವಾಚಿನ ಹಿಂದೆ ‘ವಾಟರ್ ರೆಸಿಸ್ಟೆಂಟ್’ ಎಂದಿರುತ್ತದೆ, ಮಾರುವವನು ‘ವಾಟರ್ ಪ್ರೂಫ್’ ಎನ್ನುತ್ತಾನೆ. ರೆಸಿಸ್ಟೆಂಟ್ ಎಂದರೆ ತಡೆಯುತ್ತದೆ, ಇಷ್ಟು ಹೊತ್ತು, ಇಷ್ಟು ಆಳಕ್ಕೆ. ಬೀಜದ ಪ್ಯಾಕೆಟ್ಟಿನ ಮೇಲೆ ಬರುವ ‘ರೋಗ ನಿರೋಧಕ’ ಕೂಡ ಹಾಗೆಯೇ. ಕಾಯಿಕೊರಕವನ್ನು ತಡೆಯುತ್ತದೆಂದು 2002ರಲ್ಲಿ ಬಿಟಿ ಹತ್ತಿ ನಮ್ಮ ದೇಶಕ್ಕೆ ಬಂತು. ಕೆಲವು ವರ್ಷ ಚೆನ್ನಾಗಿ ತಡೆಯಿತು. ಆಮೇಲೆ ಗುಲಾಬಿ ಕಾಯಿಕೊರಕ ಅದಕ್ಕೆ ಒಗ್ಗಿಕೊಂಡು ಮತ್ತೆ ಹತ್ತಿಕಾಯಿಯೊಳಗೆ ಹೊಕ್ಕಿತು. ಬೀಜ ಬದಲಾಗಿರಲಿಲ್ಲ, ಹುಳ ಬದಲಾಗಿತ್ತು.

ದುಡ್ಡಿನ ವಿಷಯಕ್ಕೆ ಬಂದರೆ ಈ ಪದದ ಬೆಲೆ ತಿಳಿಯುತ್ತದೆ. ಇಲ್ಲಿ ಯಾರೂ ‘ಅಭೇದ್ಯ’ ಎನ್ನುವುದಿಲ್ಲ, ‘ಸೇಫ್’ ಎನ್ನುತ್ತಾರೆ. ಬೆಂಗಳೂರಿನ ಐಎಂಎ ವಿಷಯ ನಮ್ಮ ಮನೆಗಳಲ್ಲಿ ಮಾತಾಡದವರಿಲ್ಲ. 2006ರಲ್ಲಿ ಶುರುವಾಗಿ, ಬಡ್ಡಿಯಲ್ಲ ಲಾಭದ ಪಾಲು ಎಂದು ಹೇಳಿ ಹಣ ಕಟ್ಟಿಸಿಕೊಂಡ ಸಂಸ್ಥೆ ಅದು. 2019ರ ಜೂನ್‌ನಲ್ಲಿ ಬಾಗಿಲು ಹಾಕಿತು. ಹಣ ಕಟ್ಟಿದ್ದ ಸಾವಿರಾರು ಕುಟುಂಬಗಳಲ್ಲಿ ಬಹುಪಾಲು ಮುಸ್ಲಿಂ ಕುಟುಂಬಗಳು. ಮಗಳ ಮದುವೆಗೆಂದು, ಹಜ್‌ಗೆಂದು ಕೂಡಿಟ್ಟ ಹಣ ಹಾಕಿದವರ ಸುದ್ದಿ ಆಗ ದಿನವೂ ಟಿವಿಯಲ್ಲಿ ಬರುತ್ತಿತ್ತು. ಪ್ರತಿ ತಿಂಗಳು ಲಾಭ ಕೈಗೆ ಬರುತ್ತಿದ್ದಾಗ ಅದು ‘ಅಕ್ಷತ’, ಇದುವರೆಗೆ ಏನೂ ಆಗಿಲ್ಲ. ಅದನ್ನೇ ನೋಡಿ ನೆಂಟರು ‘ಏನೂ ಆಗಲ್ಲ’ ಎಂದು ಇನ್ನೊಬ್ಬ ನೆಂಟರಿಗೆ ಹೇಳಿದರು. ವರದಿ ಗ್ಯಾರಂಟಿಯಾದದ್ದು ಹೀಗೆ. ಎಷ್ಟು ತಿಂಗಳು ಸರಿಯಾಗಿ ಹಣ ಬಂದಿದೆ ಎಂಬ ಲೆಕ್ಕದಲ್ಲಿ ಮುಂದಿನ ತಿಂಗಳು ಸೇರುವುದಿಲ್ಲ.

ಇದಕ್ಕೆ ಎದುರಾಗಿ ಬ್ಯಾಂಕ್ ಠೇವಣಿಯ ಕಾನೂನನ್ನು ನೋಡಿ. 2020ರ ಫೆಬ್ರವರಿಯಿಂದ ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಅದಕ್ಕೆ ಮೊದಲು 1 ಲಕ್ಷ ಇತ್ತು. ಬ್ಯಾಂಕ್ ಮುಳುಗುವುದಿಲ್ಲ ಎಂದು ಕಾನೂನು ಹೇಳುತ್ತಿಲ್ಲ. ಮುಳುಗಿದರೆ ಇಷ್ಟು ಕೊಡುತ್ತೇವೆ ಎನ್ನುತ್ತದೆ. ವಿಮೆಯ ಪಾಠದಲ್ಲಿ ಬರುವ ನಷ್ಟ ಪರಿಹಾರ ತತ್ವವೂ ಇದೇ. ವಿಮೆ ಮಾಡಿಸಿದ ಗೋದಾಮಿಗೂ ಬೆಂಕಿ ಬೀಳುತ್ತದೆ; ಆದ ನಷ್ಟವನ್ನು ತುಂಬಿಕೊಡುತ್ತಾರೆ, ಅದಕ್ಕಿಂತ ಹೆಚ್ಚಿಲ್ಲ. ವ್ಯವಹಾರ ಅಧ್ಯಯನದ ಪುಸ್ತಕದಲ್ಲಿ ‘ಅಪಾಯ’ ಎಂಬ ಪದ ಪುಟಪುಟಕ್ಕೂ ಬರುತ್ತದೆ, ‘ಅಭೇದ್ಯ’ ಒಂದು ಸಲವೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಇನ್ನು ಅಣೆಕಟ್ಟು.

ನಮ್ಮ ದಾದಾಗೆ ಎಪ್ಪತ್ತೆರಡು ವರ್ಷ. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಗಿ 1953ರಲ್ಲಿ ಮುಗಿಯಿತು, ಅಂದರೆ ಅವರೂ ಅಣೆಕಟ್ಟೂ ಹೆಚ್ಚುಕಡಿಮೆ ಒಂದೇ ವಯಸ್ಸು. ಡ್ಯಾಂ ವಿಷಯ ಬಂದಾಗಲೆಲ್ಲ ಅವರು ಹೇಳುತ್ತಿದ್ದ ಮಾತು ‘ಕುಚ್ ನೈ ಹೋತಾ’. ಏನೂ ಆಗುವುದಿಲ್ಲ. ನಾನು ಪರೀಕ್ಷೆಯಲ್ಲಿ ಬರೆದ ವಾಕ್ಯ ಅವರದೇ ಮಾತಿನ ಕನ್ನಡ.

ಚಾಚಾಗೆ ಸ್ವಂತ ಹೊಲವಿಲ್ಲ. ಕಾಲುವೆ ನೀರು ಬರುವ ನಾಲ್ಕು ಎಕರೆಯನ್ನು ಗುತ್ತಿಗೆಗೆ ಮಾಡುತ್ತಾರೆ. ಬೆಳೆ ಬಂದರೂ ಬರದಿದ್ದರೂ ಗುತ್ತಿಗೆ ಕೊಡಲೇಬೇಕು. ಆ ವರ್ಷ ಮಳೆ ಚೆನ್ನಾಗಿತ್ತು, ಡ್ಯಾಂ ತುಂಬಿತ್ತು, ಬೀಜ ಗೊಬ್ಬರಕ್ಕೆ ಸಾಲ ಮಾಡಿ ನಾಟಿ ಮಾಡಿಸಿದ್ದರು. ಗೇಟು ಹೋದದ್ದು ಭಾನುವಾರ ಬೆಳಗಿನ ಜಾವ ಫೋನಿನಲ್ಲಿ ಗೊತ್ತಾಯಿತು. ವಿಡಿಯೋ ಕಳಿಸಿದ್ದರು. ಮೂವತ್ತಮೂರು ಗೇಟುಗಳ ಸಾಲಿನಲ್ಲಿ ಒಂದು ಜಾಗ ಖಾಲಿ, ಅಲ್ಲಿಂದ ನೀರು ಒಂದೇ ಸಮನೆ ಹೋಗುತ್ತಿತ್ತು. ಒಂದೊಂದು ಗೇಟು 60 ಅಡಿ ಅಗಲ, 20 ಅಡಿ ಎತ್ತರ. ಗೋಡೆಗೆ ಏನೂ ಆಗಿರಲಿಲ್ಲ. ಹೋದದ್ದು ಗೇಟನ್ನು ಹಿಡಿದಿದ್ದ ಚೈನಿನ ಕೊಂಡಿ. ದುರ್ಯೋಧನನ ತೊಡೆ, ಅಕಿಲೀಸನ ಹಿಮ್ಮಡಿ ನೆನಪಾದದ್ದು ಆಮೇಲೆ. ಆಗ ನೆನಪಾದದ್ದು ಚಾಚಾನ ಸಾಲ.

ನದಿದಂಡೆಯ ಊರುಗಳಿಗೆ ಎಚ್ಚರಿಕೆ ಕೊಟ್ಟರು. ಒಡೆದ ಜಾಗದ ಮೇಲೆ ಒತ್ತಡ ಕಡಿಮೆ ಮಾಡಲು ಬೇರೆ ಗೇಟುಗಳನ್ನೂ ತೆರೆದು ನೀರು ಬಿಟ್ಟರು. ಅದನ್ನು ಕೇಳಿ ನಮ್ಮ ಓಣಿಯಲ್ಲಿ ಎಲ್ಲರೂ ಬೈದರು, ಇರುವ ನೀರನ್ನೂ ಯಾಕೆ ಬಿಡುತ್ತಾರೆ ಎಂದು. ನಮ್ಮ ಫಿಸಿಕ್ಸ್ ಮೇಡಂ ನನಗೆ ಬಿಡಿಸಿ ಹೇಳಿದರು: ಗೇಟು ಇರುವುದೇ ತೆರೆಯುವುದಕ್ಕೆ, ನೀರನ್ನು ಪೂರ್ತಿ ತಡೆದು ನಿಲ್ಲಿಸುವ ಅಣೆಕಟ್ಟು ಬಹಳ ದಿನ ಬಾಳುವುದಿಲ್ಲ. ಬಿಟ್ಟುಕೊಡುವ ಜಾಗ ಇಟ್ಟೇ ಕಟ್ಟಿರುತ್ತಾರೆ. ನನ್ನ ವಾಕ್ಯ ಕಟ್ಟಿದವರ ಲೆಕ್ಕದಲ್ಲೂ ತಪ್ಪೇ ಆಗಿತ್ತು.

ಆ ವಾರ ಚಾಚಾ ದಿನಾ ಬೆಳಿಗ್ಗೆ ಕಾಲುವೆ ಹತ್ತಿರ ಹೋಗಿ ನೀರಿನ ಮಟ್ಟ ನೋಡಿ ಬರುತ್ತಿದ್ದರು. ಜಲಾಶಯವನ್ನು ಬಹಳಷ್ಟು ಖಾಲಿ ಮಾಡದೆ ಹೊಸ ಗೇಟು ಕೂರಿಸಲು ಆಗುವುದಿಲ್ಲ ಎಂದು ಒಬ್ಬರು ಹೇಳಿದರೆ, ಖಾಲಿ ಮಾಡಿದರೆ ಬೆಳೆ ಹೋಯಿತು ಎಂದು ಇನ್ನೊಬ್ಬರು ಹೇಳುತ್ತಿದ್ದರು. ದಾದಾ ಆ ವಾರ ‘ಕುಚ್ ನೈ ಹೋತಾ’ ಎನ್ನಲಿಲ್ಲ. ಸುಮ್ಮನೆ ರೇಡಿಯೋ ಹಚ್ಚಿಕೊಂಡು ಕುಳಿತಿದ್ದರು. ಗೇಟುಗಳ ಕೆಲಸದಲ್ಲಿ ಪಳಗಿದ ಕನ್ನಯ್ಯ ನಾಯ್ಡು ಅವರು ಹೊಸಪೇಟೆಗೆ ಬಂದರು. ಹರಿಯುವ ನೀರಿನಲ್ಲೇ ಕಬ್ಬಿಣದ ಸ್ಟಾಪ್‌ಲಾಗ್ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ, ಆಗಸ್ಟ್ 17ರ ಹೊತ್ತಿಗೆ ಆ ಬಾಯಿಯನ್ನು ಮುಚ್ಚಿದರು. ಅಷ್ಟರಲ್ಲಿ ಹತ್ತಾರು ಟಿಎಂಸಿ ನೀರು ಹೋಗಿತ್ತು. ಆಮೇಲೆ ಮಳೆ ಬಂದು ಜಲಾಶಯ ಮತ್ತೆ ತುಂಬಿತು. ಚಾಚಾನ ಭತ್ತ ಉಳಿಯಿತು, ಗುತ್ತಿಗೆ ಕಟ್ಟಿದರು, ಸಾಲದಲ್ಲಿ ಸ್ವಲ್ಪ ಉಳಿದಿದೆ.

ನಮ್ಮ ನಾಲ್ಕು ಎಕರೆ ಆ ವರ್ಷ ಅಕ್ಷತವಾಗಿ ಉಳಿಯಿತು ಎಂದು ಬರೆದರೆ ತಪ್ಪಿಲ್ಲ.

ಕೊನೆಗೆ ಬಳಕೆಯ ವಿಷಯದಲ್ಲಿ ಒಂದು ಮಾತು, ಪರೀಕ್ಷೆಗೂ ಉಪಯೋಗಕ್ಕೆ ಬಂದೀತು. ‘ಅಭೇದ್ಯ’ ಎಂಬ ಪದ ತಪ್ಪೇನಲ್ಲ, ಬಿಡಬೇಕಾಗಿಯೂ ಇಲ್ಲ. ಆದರೆ ಅದರ ಜತೆ ಬರುವ ಕ್ರಿಯಾಪದವನ್ನು ನೋಡಿಕೊಳ್ಳಿ. ‘ಕೋಟೆ ಅಭೇದ್ಯವಾಗಿದೆ’ ಎಂದರೆ ಬರೆಯುವವರೇ ಗ್ಯಾರಂಟಿ ಕೊಟ್ಟಂತೆ. ‘ಅಭೇದ್ಯವೆಂದು ಹೆಸರಾಗಿತ್ತು’, ‘ಅಭೇದ್ಯವೆಂದು ನಂಬಿದ್ದರು’ ಎಂದರೆ ನಂಬಿದವರ ಮಾತನ್ನು ಹೇಳಿದಂತೆ. ಈ ವರ್ಷದ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅದೇ ಪದ ಮತ್ತೆ ಬಂತು. ‘ಬಳ್ಳಾರಿ ಕೋಟೆ ಅಭೇದ್ಯವೆಂದು ಹೈದರ್ ಅಲಿ ನಂಬಿದ್ದನು, ಕುಂಬಾರ ಗುಡ್ಡವನ್ನು ನೋಡುವ ತನಕ’ ಎಂದು ಬರೆದೆ. ಸರ್ ಅದಕ್ಕೂ ಪೂರ್ತಿ ಅಂಕ ಕೊಟ್ಟಿದ್ದಾರೆ, ಪಕ್ಕದಲ್ಲಿ ‘ವಾಕ್ಯ ಉದ್ದ’ ಎಂದು ಬರೆದಿದ್ದಾರೆ.

ನಮ್ಮ ಕಾಲೇಜಿನಲ್ಲಿ ತೆಲುಗು ಮಾತಾಡುವ ಮನೆಗಳಿಂದ, ಲಂಬಾಣಿ ಮಾತಾಡುವ ತಾಂಡಾಗಳಿಂದ ಬರುವವರೂ ಇದ್ದಾರೆ. ಕನ್ನಡದ ‘ಕೂದಲು ಕೊಂಕಲಿಲ್ಲ’, ನಮ್ಮ ‘ಬಾಲ್ ಬಾಂಕಾ’ ಇದ್ದಂಥ ಮಾತು ನಿಮ್ಮ ಮನೆಯಲ್ಲೂ ಇದೆಯೇ? ಇದ್ದರೆ ಬರೆದು ಗ್ರಂಥಾಲಯದ ಪಕ್ಕದ ಪೆಟ್ಟಿಗೆಯಲ್ಲಿ ಹಾಕಿ. ಮುಂದಿನ ಸಂಚಿಕೆಯಲ್ಲಿ ಎಲ್ಲವನ್ನೂ ಒಟ್ಟಿಗೆ ಹಾಕೋಣ.